ಅರಿವಳಿಕೆಗೆ ಮುನ್ನ

ಶಸ್ತ್ರಚಿಕಿತ್ಸೆಯ ನೋವು ರೋಗಿಗೆ ತಿಳಿಯದಂತೆ ಮಾಡುವ ಔಷಧವೇ ಅರಿವಳಿಕೆ. ಅದನ್ನು ಕೊಡುವ ವೈದ್ಯರು ಮೊದಲು ಹತ್ತಾರು ಪ್ರಶ್ನೆಗಳನ್ನು ಕೇಳುತ್ತಾರೆ. ಪ್ರಶ್ನೆ ತೆಲುಗಿನಲ್ಲೋ ಹಿಂದಿಯಲ್ಲೋ ಇದ್ದರೆ, ದಿಲ್‌ಸುಖ್‌ನಗರಕ್ಕೆ ಬಂದು ನೆಲೆಸಿದ ನಮ್ಮ ಹಿರಿಯರು ಅರ್ಥವಾಗದೆಯೂ ತಲೆಯಾಡಿಸಿಬಿಡುವುದುಂಟು. ವಿದ್ಯಾರ್ಥಿಗಳೇ, ಅಂಥ ವೇಳೆಯಲ್ಲಿ ಅವರ ಪಕ್ಕದಲ್ಲಿ ನಿಂತು ತಿಳಿಸಿ ಹೇಳಬೇಕಾದವರು ನೀವು.

ಈ ಶಾಸ್ತ್ರದ ಇತಿಹಾಸದಲ್ಲಿ ನಮ್ಮ ನಗರಕ್ಕೂ ಸ್ಥಾನವಿದೆ. ಅಫ್ಜಲ್‌ಗಂಜ್ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಎಡ್ವರ್ಡ್ ಲಾರಿಯವರು, ನಿಜಾಮ್ ಮಹಬೂಬ್ ಅಲಿ ಖಾನರ ಆಶ್ರಯದಲ್ಲಿ, 1888 ಮತ್ತು 1889ರಲ್ಲಿ ಕ್ಲೋರೋಫಾರಂ ಆಯೋಗಗಳನ್ನು ನಡೆಸಿದರು. ಅವರ ವಿದ್ಯಾರ್ಥಿನಿ ರೂಪಾಬಾಯಿ ಫರ್ದೂನ್‌ಜಿಯವರನ್ನು ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆಯೆಂದು ಕರೆಯುವವರಿದ್ದಾರೆ. ಉಸಿರಾಟವನ್ನು ಕಾಯ್ದರೆ ಸಾಕು, ಹೃದಯಕ್ಕೆ ಭಯವಿಲ್ಲವೆಂಬುದು ಆಯೋಗದ ನಿರ್ಣಯ. ಅದು ಅರ್ಧಸತ್ಯವಾಗಿತ್ತು. ಕ್ಲೋರೋಫಾರಮ್ಮಿನ ಲಘು ಮಂಪರಿನಲ್ಲಿರುವಾಗ ಅಡ್ರಿನಲಿನ್ ಸೇರಿದರೆ ಹೃದಯದ ಲಯ ಕೆಟ್ಟು ಸಾವು ಸಂಭವಿಸಬಹುದೆಂದು 1911ರಲ್ಲಿ ಲೆವಿ ಎಂಬ ವೈದ್ಯರು ತೋರಿಸಿದರು. ಕ್ಲೋರೋಫಾರಂ ಈಗ ಬಳಕೆಯಲ್ಲಿಲ್ಲ. ಆದರೆ ರೋಗಿಯ ದೇಹಸ್ಥಿತಿಯನ್ನೆಲ್ಲ ವಿಚಾರಿಸುವ ಪದ್ಧತಿ ಬಲವಾಗಿದೆ.

ಮೊದಲ ಪ್ರಶ್ನೆ ಅಲರ್ಜಿಯದು. ಹಲ್ಲು ಕೀಳಿಸುವಾಗ ಸೂಜಿಮದ್ದಿನಿಂದ ಎದೆ ಬಡಿದುಕೊಂಡರೆ ಅದು ಹೆಚ್ಚಾಗಿ ಅಲರ್ಜಿಯಲ್ಲ. ಆ ಮದ್ದಿನಲ್ಲಿ ಬೆರೆಸಿದ ಅಡ್ರಿನಲಿನ್ನಿನ ಪ್ರಭಾವವಿರಬಹುದು. ಮೈಯೆಲ್ಲ ದದ್ದು, ತುಟಿಯ ಊತ, ಉಬ್ಬಸ ಕಾಣಿಸಿಕೊಂಡಿದ್ದರೆ ಮಾತು ಬೇರೆ. ಯಾವುದಕ್ಕೂ ನಾವೇ ಹೆಸರಿಡದೆ, ಆದದ್ದನ್ನು ಆದಂತೆ ಹೇಳುವುದು ಲೇಸು. ಆಸ್ತಮಾ, ರಕ್ತ ತೆಳುಮಾಡುವ ಗುಳಿಗೆ, ನಾಟಿ ಔಷಧ, ಬೀಡಿ, ಮದ್ಯ ಯಾವುದನ್ನೂ ಮುಚ್ಚಿಡಬಾರದು. ಮುಂಜಾನೆ ಕದ್ದು ಕುಡಿದ ಚಹವನ್ನೂ ಹೇಳಬೇಕು. ಪ್ರಜ್ಞೆ ತಪ್ಪಿದಾಗ ಹೊಟ್ಟೆಯಲ್ಲಿರುವುದು ಶ್ವಾಸಕೋಶಕ್ಕೆ ನುಗ್ಗಬಲ್ಲದು.

ಮನೆತನದ ಪ್ರಶ್ನೆಯಂತೂ ನಮ್ಮ ಪ್ರಾಂತಕ್ಕೆ ಬಹಳ ಸಲ್ಲುವಂಥದು. ಸಕ್ಸಿನೈಲ್‌ಕೋಲಿನ್ ಎಂಬ ಮದ್ದು ಸ್ನಾಯುಗಳನ್ನು ಸಡಿಲಿಸುತ್ತದೆ. ರಕ್ತದಲ್ಲಿನ ಒಂದು ಕಿಣ್ವ ಕೆಲವೇ ನಿಮಿಷಗಳಲ್ಲಿ ಅದನ್ನು ಒಡೆದುಹಾಕುತ್ತದೆ. ಈ ಕಿಣ್ವದ ಕೊರತೆ ಆನುವಂಶಿಕ. ತೆಲುಗು, ಕನ್ನಡ ನಾಡುಗಳ ಆರ್ಯವೈಶ್ಯ ಸಮಾಜದಲ್ಲಿ ಇದು ಹೆಚ್ಚಾಗಿ ಕಂಡುಬಂದಿದೆ. ಕೊರತೆಯುಳ್ಳವರು ನಿತ್ಯಜೀವನದಲ್ಲಿ ಆರೋಗ್ಯವಂತರೇ. ಆದರೆ ಈ ಮದ್ದು ಕೊಟ್ಟರೆ ಗಂಟೆಗಟ್ಟಲೆ ಸ್ವಂತ ಉಸಿರು ಬಾರದು. ಅಷ್ಟು ಹೊತ್ತೂ ಯಂತ್ರದಿಂದ ಉಸಿರಾಡಿಸಬೇಕು. ಮೊದಲೇ ತಿಳಿದಿದ್ದರೆ ವೈದ್ಯರು ಬೇರೆ ಮದ್ದನ್ನು ಆರಿಸಿಕೊಳ್ಳುತ್ತಾರೆ. ಆದ್ದರಿಂದ “ಅಜ್ಜನಿಗೆ ಆಪರೇಷನ್ ಆದ ಮೇಲೆ ಬಹಳ ಹೊತ್ತು ಉಸಿರು ಹಿಂದಿರುಗಲಿಲ್ಲವಂತೆ” ಎಂಬ ಮನೆಯ ಹಳೆಯ ಮಾತನ್ನು ವೈದ್ಯರಿಗೆ ತಪ್ಪದೆ ಮುಟ್ಟಿಸಿ. ಹಾಗಾದವರು ಮದ್ದಿನ ಹೆಸರನ್ನು ಬರೆಸಿಕೊಂಡು ಜೊತೆಗಿಟ್ಟುಕೊಳ್ಳಬೇಕು; ಒಡಹುಟ್ಟಿದವರೂ ರಕ್ತಪರೀಕ್ಷೆ ಮಾಡಿಸಿಕೊಳ್ಳಬಹುದು.