ಅಂಕಿ ಕಾಣದಿದ್ದರೆ ಎಸಿ ಕೆಟ್ಟಿತೆಂದಲ್ಲ

ಕರಾವಳಿಯ ಅವರ್ಸಾದಲ್ಲಿ ಮಳೆಗಾಲದ ಗುಡುಗು-ಸಿಡಿಲು ನಿಂತ ಮೇಲೆ ಎಸಿಯ ಅಂಕಿ ಮಾಯವಾದರೆ, ಒಳಗಿನ ಬೋರ್ಡೇ ಸುಟ್ಟಿತೆಂದು ತೀರ್ಮಾನಿಸಬೇಡಿ. ಮೊದಲು ರಿಮೋಟ್ ನೋಡಿ. ಅದರ ಪರದೆ ನಡೆಯುವುದು ತನ್ನದೇ ಸೆಲ್‌ನಿಂದ. ಪರದೆ ಖಾಲಿಯಿದ್ದರೆ ಸೆಲ್ ಬದಲಿಸಿ. ರಿಮೋಟ್ ಸರಿಯಿದೆ, ತಣ್ಣನೆ ಗಾಳಿಯೂ ಬರುತ್ತಿದೆ, ಗೋಡೆಯ ಯಂತ್ರದಲ್ಲಿ ಅಂಕಿ ಮಾತ್ರ ಇಲ್ಲ ಎಂದಾದರೆ, ರಿಮೋಟಿನ ಡಿಸ್‌ಪ್ಲೇ ಗುಂಡಿ ಒತ್ತಿ ನೋಡಿ.

ಎಸಿಯೇ ಚಾಲೂ ಆಗದಿದ್ದರೆ ಅದಕ್ಕೆ ಕರೆಂಟ್ ಬರುತ್ತಿದೆಯೇ ನೋಡಿ. ‘ಮನೆಯ ದೀಪ ಉರಿಯುತ್ತಿದೆಯಲ್ಲ, ಕರೆಂಟ್ ಇದೆ’ ಎನ್ನಬಹುದು. ಆದರೆ ಎಸಿಗೆ ಸಾಮಾನ್ಯವಾಗಿ ಬೇರೆಯೇ ಎಂಸಿಬಿ, ಸ್ಟೆಬಿಲೈಜರ್ ಇರುತ್ತವೆ. ಎಂಸಿಬಿ ಬಿದ್ದಿರಬಹುದು, ವೋಲ್ಟೇಜ್ ಏರುಪೇರಾಗಿ ಸ್ಟೆಬಿಲೈಜರ್ ಕರೆಂಟ್ ತಡೆದಿರಬಹುದು. ಎಂಸಿಬಿಯನ್ನು ಒಮ್ಮೆ ಮಾತ್ರ ಎತ್ತಿ. ಮತ್ತೆ ಬಿದ್ದರೆ ಮುಟ್ಟದೆ ಎಲೆಕ್ಟ್ರಿಷಿಯನ್ ಕರೆಯಿರಿ. ಕಡಲ ಉಪ್ಪುಗಾಳಿಗೆ ತಂತಿಯ ಜೋಡಣೆಗಳು ಕಿಲುಬು ಹಿಡಿಯುತ್ತವೆ. ಅವನ್ನು ಬಿಚ್ಚಿ ನೋಡುವುದು ಎಲೆಕ್ಟ್ರಿಷಿಯನ್ ಕೆಲಸ. ಸುಲಭದ್ದನ್ನು ಮೊದಲು ನೋಡಿದರೆ ದುಡ್ಡೂ ಉಳಿಯುತ್ತದೆ, ಜೀವವೂ.