ವಿದೇಶಕ್ಕೆ ಹೊರಟ ಮಕ್ಕಳಿಗೆ ಯಾವ ವಿಮೆ?

ಮಗನಿಗೋ ಮಗಳಿಗೋ ವಿದೇಶದಲ್ಲಿ ಸೀಟು ಸಿಕ್ಕಿದೆಯಾ? ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಮನೆಗಳಲ್ಲೂ ಇದೀಗ ಅಪರೂಪದ ಸುದ್ದಿಯಲ್ಲ. ಸೈಟು ಅಡವಿಟ್ಟೋ, ರೇಷ್ಮೆಗೂಡು ಮಾರಿದ ದುಡ್ಡು ಕೂಡಿಟ್ಟೋ ಕಳಿಸೋರಿದ್ದಾರೆ. ಚಟ್ನಿಪುಡಿ, ಕುಕ್ಕರ್, ಸ್ವೆಟರ್ ಎಲ್ಲವೂ ಸೂಟ್‌ಕೇಸ್ ಸೇರುತ್ತವೆ. ಆರೋಗ್ಯ ವಿಮೆ ಮಾತ್ರ ‘ಏಜೆಂಟ್ ನೋಡ್ಕೋತಾರೆ ಬಿಡಿ’ ಅನ್ನೋದರಲ್ಲೇ ಮುಗಿದುಹೋಗುತ್ತೆ.

ಹಾಗೆ ಬಿಡಬೇಡಿ. ಅಮೆರಿಕದಲ್ಲಿ ಒಂದು ಅಪೆಂಡಿಕ್ಸ್ ಆಪರೇಷನ್ನಿಗೆ ಹತ್ತಾರು ಸಾವಿರ ಡಾಲರ್ ಬಿಲ್ ಬರಬಹುದು. ಖರ್ಚಿಗೆ ಹೆದರಿ ಹೊಟ್ಟೆನೋವು ನುಂಗಿಕೊಂಡು ರೂಮಿನಲ್ಲೇ ಮಲಗುವ ಮಕ್ಕಳಿದ್ದಾರೆ. ಎಲ್ಲಾ ದೇಶಕ್ಕೂ ಒಂದೇ ಪಾಲಿಸಿ ನಡೆಯಲ್ಲ ಅನ್ನೋದು ಮೊದಲು ತಿಳಿದಿರಲಿ.

ಯಾವ ದೇಶದಲ್ಲಿ ಹೇಗೆ?

* ಬ್ರಿಟನ್: ಆರು ತಿಂಗಳಿಗಿಂತ ಹೆಚ್ಚಿನ ಕೋರ್ಸಾದರೆ ವೀಸಾ ಅರ್ಜಿಯ ಜೊತೆಗೇ ಆರೋಗ್ಯ ಸರ್‌ಚಾರ್ಜ್ ಕಟ್ಟಬೇಕು. 2024ರ ಫೆಬ್ರವರಿಯಲ್ಲಿ ಅದು ವಿದ್ಯಾರ್ಥಿಗೆ ವರ್ಷಕ್ಕೆ 776 ಪೌಂಡ್ ಆಯಿತು. ಕಟ್ಟಿದವರಿಗೆ ಸರ್ಕಾರಿ ವೈದ್ಯಸೇವೆ ಸಿಗುತ್ತೆ. ಹಲ್ಲಿನ ಚಿಕಿತ್ಸೆಗೆ ಬೇರೆ ದುಡ್ಡು.

* ಜರ್ಮನಿ: ವಿಮೆಯ ದಾಖಲೆ ಇಲ್ಲದೆ ಯೂನಿವರ್ಸಿಟಿಯಲ್ಲಿ ದಾಖಲಾತಿಯೇ ಇಲ್ಲ. 30 ವರ್ಷದೊಳಗಿನವರಿಗೆ ಅಲ್ಲಿನ ಸಾರ್ವಜನಿಕ ವಿಮೆ ವಿದ್ಯಾರ್ಥಿ ದರದಲ್ಲಿ ಸಿಗುತ್ತೆ. ಅದೂ ತಿಂಗಳಿಗೆ 140 ಯೂರೋ ದಾಟುತ್ತೆ. ‘ಖಾಸಗಿ ಅಗ್ಗ’ ಅಂತ ಇದರಿಂದ ವಿನಾಯಿತಿ ಬರೆಸಿಕೊಂಡರೆ, ಓದು ಮುಗಿಯುವವರೆಗೂ ಮತ್ತೆ ಇದಕ್ಕೆ ಸೇರೋಕಾಗಲ್ಲ.

* ಆಸ್ಟ್ರೇಲಿಯಾ: ‘ಓವರ್‌ಸೀಸ್ ಸ್ಟೂಡೆಂಟ್ ಹೆಲ್ತ್ ಕವರ್’ ವೀಸಾ ಅವಧಿ ಪೂರ್ತಿ ಇರಬೇಕು. ಮೊದಲೇ ಇದ್ದ ಕಾಯಿಲೆಗೆ 12 ತಿಂಗಳವರೆಗೆ ಕಾಯಬೇಕಾಗಬಹುದು.

* ಅಮೆರಿಕ: ಎಫ್-1 ವೀಸಾಗೆ ಸರ್ಕಾರ ವಿಮೆ ಕೇಳಲ್ಲ, ಹೆಚ್ಚಿನ ಯೂನಿವರ್ಸಿಟಿಗಳು ಕೇಳುತ್ತವೆ. ಎಷ್ಟೋ ಕಡೆ ತಮ್ಮದೇ ಪ್ಲಾನಿನ ದುಡ್ಡನ್ನು ಫೀಸಿಗೆ ಸೇರಿಸಿಬಿಡುತ್ತಾರೆ. ಇಲ್ಲಿಂದ ಕೊಂಡ ಪಾಲಿಸಿಯನ್ನು ಅವರು ಒಪ್ಪದಿದ್ದರೆ ಎರಡೆರಡು ಸಲ ಕಟ್ಟಿದ ಹಾಗೆ!

* ಕೆನಡಾ: ಪ್ರಾಂತ್ಯಕ್ಕೊಂದು ನಿಯಮ. ಓದುವ ಊರು ಯಾವ ಪ್ರಾಂತ್ಯದ್ದು ಅಂತ ನೋಡಿಕೊಂಡೇ ವಿಚಾರಿಸಿ.

ಕೊಳ್ಳುವ ಮುನ್ನ

* ಯೂನಿವರ್ಸಿಟಿಯ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಮಗುವಿನ ಕೈಲೇ ಇ-ಮೇಲ್ ಬರೆಸಿ, ‘ಯಾವ ಪಾಲಿಸಿ ಒಪ್ಪುತ್ತೀರಿ, ಯಾವ ದಿನದಿಂದ ಇರಬೇಕು?’ ಎಂದು ಕೇಳಿಸಿ.

* ಕ್ಲೇಮ್‌ಗೆ ಮೊದಲು ಕೈಯಿಂದ ಎಷ್ಟು ಕಟ್ಟಬೇಕು, ಮಾನಸಿಕ ಚಿಕಿತ್ಸೆ ಸೇರಿದೆಯೇ ಅಂತ ಓದಿ ನೋಡಿ.

* ಆಸ್ತಮಾ, ಥೈರಾಯ್ಡ್, ಫಿಟ್ಸ್ ಇದ್ದರೆ ಮುಚ್ಚಿಡಬೇಡಿ. ಆಮೇಲೆ ಗೊತ್ತಾದರೆ ಕ್ಲೇಮೇ ತಿರಸ್ಕಾರ ಆಗಬಹುದು.

* ಶಿಕ್ಷಣ ಸಾಲ ತಗೊಳ್ಳುತ್ತಿದ್ದರೆ ವಿಮೆಯ ಕಂತನ್ನೂ ಅದರಲ್ಲಿ ಸೇರಿಸಬಹುದಾ ಎಂದು ಬ್ಯಾಂಕಿನಲ್ಲಿ ಕೇಳಿ.

* ಹಲ್ಲು, ಕನ್ನಡಕದ ಕೆಲಸ ಇಲ್ಲೇ ಮುಗಿಸಿ ಕಳಿಸಿ.

ಪಾಲಿಸಿಯ ಒಂದು ಜೆರಾಕ್ಸ್ ನಿಮ್ಮ ಬೀರುವಿನಲ್ಲೂ ಇರಲಿ. ‘ಬಿಲ್ಲಿನ ಚಿಂತೆ ಬೇಡ, ಮೊದಲು ಡಾಕ್ಟರಿಗೆ ತೋರಿಸು’ ಅಂತ ಮಗುವಿಗೆ ಫೋನಿನಲ್ಲಿ ಧೈರ್ಯವಾಗಿ ಹೇಳಬೇಕಾದರೆ, ಈ ತಯಾರಿ ಈಗಲೇ ಆಗಬೇಕು.