ಭೂ ಸುಧಾರಣಾ ತಿದ್ದುಪಡಿ: ಮೇಲ್ಮನೆಯಲ್ಲಿ ಮತಕ್ಕೆ ಬಂದ ದಿನ

ಜಮೀನಿನ ಕ್ರಯಪತ್ರ ನೋಂದಣಿಯಾಗುವುದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ. ಆದರೆ ಆ ಜಮೀನನ್ನು ಯಾರು ಕೊಳ್ಳಬಹುದು, ಯಾರು ಕೊಳ್ಳಬಾರದು ಎಂಬುದು ತೀರ್ಮಾನವಾಗುವುದು ರಾಜ್ಯದ ವಿಧಾನ ಮಂಡಲದಲ್ಲಿ. ಅಲ್ಲಿನ ಕಲಾಪ ಹೇಗೆ ನಡೆಯುತ್ತದೆ ಎಂಬುದನ್ನು ನಮ್ಮ ರೈತ ಬಾಂಧವರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಕಾನೂನು ಜಾರಿಗೆ ಬಂದ ಮೇಲೆ ತಾಲ್ಲೂಕು ಕಚೇರಿಯಲ್ಲಿ ಅದರ ಬಿಸಿ ತಟ್ಟಿದಾಗಲೇ ವಿಚಾರಿಸುವುದು ರೂಢಿ. 2020ರ ಡಿಸೆಂಬರ್ 8ರಂದು ಕರ್ನಾಟಕ ವಿಧಾನ ಪರಿಷತ್ತಿನಲ್ಲಿ ನಡೆದ ಮತದಾನವನ್ನು ಉದಾಹರಣೆಯಾಗಿ ತೆಗೆದುಕೊಂಡರೆ ಈ ಕ್ರಮವು ಸುಲಭವಾಗಿ ಅರ್ಥವಾಗುತ್ತದೆ.

ಅಂದು ಮತಕ್ಕೆ ಬಂದದ್ದು 1961ರ ಕರ್ನಾಟಕ ಭೂ ಸುಧಾರಣಾ ಕಾಯ್ದೆಯ ತಿದ್ದುಪಡಿ ವಿಧೇಯಕ. ದೇವರಾಜ ಅರಸರ ಕಾಲದಲ್ಲಿ ಈ ಕಾಯ್ದೆಗೆ ದೊಡ್ಡ ತಿದ್ದುಪಡಿಯಾಗಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತು. ಗೇಣಿದಾರರಿಗೆ ಭೂಮಿಯ ಒಡೆತನ ದೊರೆತದ್ದು ಅದರಿಂದಲೇ. ಅದೇ ತಿದ್ದುಪಡಿಯಲ್ಲಿ 79ಎ ಮತ್ತು 79ಬಿ ಎಂಬ ಕಲಮುಗಳೂ ಸೇರಿದ್ದವು. ಬೇಸಾಯದ ಹೊರತಾದ ವರಮಾನ ನಿಗದಿತ ಮಿತಿಯನ್ನು ಮೀರಿದವರು ಕೃಷಿ ಭೂಮಿ ಕೊಳ್ಳುವಂತಿಲ್ಲ ಎಂದು ಮೊದಲನೆಯದು ವಿಧಿಸಿತ್ತು. 2020ಕ್ಕೆ ಮುಂಚೆ ಈ ಮಿತಿ ವರ್ಷಕ್ಕೆ 25 ಲಕ್ಷ ರೂಪಾಯಿ ಇತ್ತು. ಸ್ವತಃ ಸಾಗುವಳಿ ಮಾಡದವರು ಹಾಗೂ ಕಂಪನಿಗಳು ಕೃಷಿ ಭೂಮಿ ಹೊಂದುವುದನ್ನು ಎರಡನೆಯದು ತಡೆದಿತ್ತು. ಈ ಕಲಮುಗಳನ್ನು, ದಂಡಕ್ಕೆ ಸಂಬಂಧಿಸಿದ 79ಸಿ ಸಹಿತ, ತೆಗೆದುಹಾಕುವುದೇ ವಿಧೇಯಕದ ತಿರುಳು.

ಸರ್ಕಾರ 2020ರ ಜುಲೈಯಲ್ಲಿ ಮೊದಲು ಸುಗ್ರೀವಾಜ್ಞೆ ಹೊರಡಿಸಿತು. ಸದನ ಸೇರದಿರುವಾಗ ರಾಜ್ಯಪಾಲರ ಮೂಲಕ ಹೊರಡುವ ಇಂಥ ಆಜ್ಞೆಗೆ ಕಾಯ್ದೆಯಷ್ಟೇ ಬಲವಿರುತ್ತದೆ. ಆದರೆ ಸದನ ಮತ್ತೆ ಸೇರಿದ ಆರು ವಾರಗಳಿಗೆ ಅದರ ಆಯಸ್ಸು ಮುಗಿಯುತ್ತದೆ. ಅಷ್ಟರೊಳಗೆ ವಿಧೇಯಕ ಎರಡೂ ಮನೆಗಳಲ್ಲಿ ಅಂಗೀಕಾರವಾಗಬೇಕು. ವಿಧಾನಸಭೆ ಸೆಪ್ಟೆಂಬರ್ 26ರಂದು ಒಪ್ಪಿಗೆ ನೀಡಿತು. ಮೇಲ್ಮನೆಯಲ್ಲಿ ಆಡಳಿತ ಪಕ್ಷಕ್ಕೆ ಸ್ವಂತ ಬಹುಮತವಿರಲಿಲ್ಲವಾಗಿ ವಿಷಯ ಡಿಸೆಂಬರ್ ಅಧಿವೇಶನದವರೆಗೆ ಉಳಿಯಿತು.

ವಿಧೇಯಕವೊಂದು ಸದನದಲ್ಲಿ ಮೂರು ಹಂತಗಳನ್ನು ದಾಟಬೇಕು. ಮಂಡನೆ ಮೊದಲನೆಯದು, ಅದು ಬಹುಮಟ್ಟಿಗೆ ಶಾಸ್ತ್ರಕ್ಕೆ. ಎರಡನೆಯ ಹಂತವೇ ಮುಖ್ಯ. ಮಂತ್ರಿಗಳು ವಿಧೇಯಕದ ಉದ್ದೇಶ ವಿವರಿಸುತ್ತಾರೆ, ಸದಸ್ಯರು ಪರ ವಿರೋಧ ಮಾತನಾಡುತ್ತಾರೆ, ಆಮೇಲೆ ಒಂದೊಂದೇ ಖಂಡವನ್ನು ಎತ್ತಿಕೊಂಡು ಮತಕ್ಕೆ ಹಾಕಲಾಗುತ್ತದೆ. ಯಾವ ಸದಸ್ಯರಾದರೂ ಇಂಥ ಪದವನ್ನು ಬಿಡಬೇಕು, ಇಂಥ ಷರತ್ತನ್ನು ಸೇರಿಸಬೇಕು ಎಂದು ತಿದ್ದುಪಡಿ ಸೂಚಿಸಲು ಅವಕಾಶವಿರುವುದು ಇಲ್ಲಿಯೇ. ರೈತ ಸಂಘಟನೆಗಳು ಮನವಿ ಪತ್ರ ಕೊಡುವುದಾದರೆ ಈ ಹಂತಕ್ಕೆ ಮುಂಚೆ ಕೊಡಬೇಕು. ಕೊನೆಯ ಹಂತದಲ್ಲಿ ಇಡೀ ವಿಧೇಯಕ ಬೇಕೋ ಬೇಡವೋ ಎಂಬ ಪ್ರಶ್ನೆಯಷ್ಟೇ ಉಳಿದಿರುತ್ತದೆ.

ಈ ತಿದ್ದುಪಡಿಯ ಕುರಿತು ಎರಡೂ ಕಡೆಯ ವಾದಗಳಲ್ಲಿ ಹುರುಳಿತ್ತು. ಹಳೆಯ ಕಲಮುಗಳು ಕಂದಾಯ ಕಚೇರಿಗಳಲ್ಲಿ ಲಂಚಕ್ಕೂ ಕಿರುಕುಳಕ್ಕೂ ದಾರಿಯಾಗಿವೆ, ವಿದ್ಯಾವಂತ ಯುವಕರು ಬಂಡವಾಳದೊಡನೆ ಬೇಸಾಯಕ್ಕೆ ಬರಲು ಅಡ್ಡಿಯಾಗಿವೆ ಎಂಬುದು ಸರ್ಕಾರದ ನಿಲುವು. ಸಾಲದಲ್ಲಿರುವ ಸಣ್ಣ ಹಿಡುವಳಿದಾರ ಹಣವಂತರಿಗೆ ಭೂಮಿ ಮಾರಿ ಕೂಲಿಗೆ ಇಳಿಯುತ್ತಾನೆ, ಉಳುವವನೇ ಒಡೆಯ ಎಂಬ ತತ್ತ್ವ ಮಣ್ಣುಪಾಲಾಗುತ್ತದೆ ಎಂಬುದು ವಿರೋಧಿಗಳ ಆತಂಕ. ಹಿಡುವಳಿಯ ಮಿತಿಯನ್ನು ಇಮ್ಮಡಿಗೊಳಿಸುವ ಪ್ರಸ್ತಾಪವೂ ಆ ವರ್ಷ ಎದ್ದಿತ್ತು. ವಿರೋಧ ಬಲವಾದ ಮೇಲೆ ಅದನ್ನು ಕೈಬಿಡಲಾಯಿತು. ಐದು ಜನರವರೆಗಿನ ಕುಟುಂಬಕ್ಕೆ 10 ಯೂನಿಟ್, ಎಂದರೆ ಮಳೆಯಾಶ್ರಿತ ಖುಷ್ಕಿಯಾದರೆ 54 ಎಕರೆ, ಎಂಬ ಮಿತಿ ಹಾಗೆಯೇ ಉಳಿಯಿತು. ಕೂಗಿದ ದನಿ ಪೂರ್ತಿ ವ್ಯರ್ಥವಾಗಲಿಲ್ಲವೆನ್ನಬೇಕು.

ಇನ್ನು ಮತದಾನ. ಸಾಮಾನ್ಯವಾಗಿ ಧ್ವನಿಮತದಿಂದಲೇ ಕೆಲಸ ಮುಗಿಯುತ್ತದೆ. ಪರವಾಗಿರುವವರು ಹೌದು ಎನ್ನುತ್ತಾರೆ, ವಿರೋಧಿಸುವವರು ಇಲ್ಲ ಎನ್ನುತ್ತಾರೆ; ಯಾವ ದನಿ ದೊಡ್ಡದೆಂಬುದನ್ನು ಪೀಠ ನಿರ್ಧರಿಸುತ್ತದೆ. ಇದರಲ್ಲಿ ಯಾರು ಹೇಗೆ ಮತ ನೀಡಿದರೆಂಬುದಕ್ಕೆ ದಾಖಲೆ ಸಿಗದು. ಸದಸ್ಯರು ಒತ್ತಾಯಿಸಿದರೆ ಮತ ವಿಭಜನೆಯಾಗುತ್ತದೆ. ಆಗ ಗಂಟೆ ಬಾರಿಸಿ ಹೊರಗಿರುವ ಸದಸ್ಯರನ್ನು ಕರೆಯುತ್ತಾರೆ, ಬಾಗಿಲು ಮುಚ್ಚುತ್ತಾರೆ, ಎದ್ದು ನಿಂತವರನ್ನು ಸಾಲು ಸಾಲಾಗಿ ಎಣಿಸುತ್ತಾರೆ. 2019ರ ಜುಲೈ 23ರಂದು ವಿಧಾನಸಭೆಯಲ್ಲಿ ವಿಶ್ವಾಸಮತ 99ಕ್ಕೆ 105ರಿಂದ ಬಿದ್ದುಹೋದದ್ದು ಇಂಥ ಎಣಿಕೆಯಲ್ಲಿಯೇ.

ಡಿಸೆಂಬರ್ 8ರಂದು ಪರಿಷತ್ತಿನಲ್ಲಿ ವಿಧೇಯಕದ ಪರ 37, ವಿರುದ್ಧ 21 ಮತಗಳು ಬಿದ್ದವು. ಹಿಂದೆ ಇದನ್ನು ವಿರೋಧಿಸಿದ್ದ ಜಾತ್ಯತೀತ ಜನತಾ ದಳದ ಸದಸ್ಯರು ಅಂದು ಪರವಾಗಿ ನಿಂತದ್ದೇ ನಿರ್ಣಾಯಕವಾಯಿತು. ಕೇಂದ್ರದ ಕೃಷಿ ಕಾಯ್ದೆಗಳ ವಿರುದ್ಧ ರೈತ ಸಂಘಟನೆಗಳು ಭಾರತ ಬಂದ್‌ಗೆ ಕರೆ ಕೊಟ್ಟಿದ್ದ ದಿನವೂ ಅದೇ. 75 ಸ್ಥಾನಗಳ ಮನೆಯಲ್ಲಿ ಲೆಕ್ಕಕ್ಕೆ ಬಂದದ್ದು 58 ಮತ. ಹಾಜರಿದ್ದು ಮತ ನೀಡಿದವರ ಬಹುಮತವೇ ನಿರ್ಣಯ. ಮನೆಯಲ್ಲಿ ಇಲ್ಲದವರ ಅಭಿಪ್ರಾಯ ಏನೇ ಇರಲಿ, ಅದಕ್ಕೆ ತೂಕವಿಲ್ಲ. ಸಭಾಪತಿಗಳು ಮತ ಹಾಕುವುದು ಎರಡೂ ಕಡೆ ಸರಿಸಮವಾದಾಗ ಮಾತ್ರ.

ಪರಿಷತ್ತು ಅಂದು ತಿರಸ್ಕರಿಸಿದ್ದರೆ ವಿಧೇಯಕ ಅಲ್ಲಿಗೇ ಸಾಯುತ್ತಿತ್ತೇ? ಇಲ್ಲ. ವಿಧಾನಸಭೆ ಅದನ್ನು ಎರಡನೆಯ ಸಲ ಅಂಗೀಕರಿಸಿ ಕಳುಹಿಸಬಹುದಿತ್ತು. ಸಂವಿಧಾನದ 197ನೆಯ ವಿಧಿಯಂತೆ ಮೇಲ್ಮನೆ ಮೊದಲ ಸಲ ಮೂರು ತಿಂಗಳು, ಎರಡನೆಯ ಸಲ ಒಂದು ತಿಂಗಳು ತಡೆಹಿಡಿಯಬಹುದೇ ಹೊರತು ಹೆಚ್ಚಲ್ಲ. ನಾಲ್ಕು ತಿಂಗಳೆಂದರೆ ಸುಮಾರಾಗಿ ಒಂದು ರಾಗಿ ಬೆಳೆಯ ಕಾಲ. ಹಣಕಾಸಿನ ವಿಧೇಯಕವಾದರೆ 14 ದಿನ ಮಾತ್ರ.

ಮೇಲ್ಮನೆ ತಮಗೆ ದೂರದ್ದೆಂದು ಹಳ್ಳಿಗರು ತಿಳಿಯುವುದುಂಟು. ಅದರ 75 ಸ್ಥಾನಗಳಲ್ಲಿ 25ನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರು ಆರಿಸುತ್ತಾರೆ. ಗ್ರಾಮ ಪಂಚಾಯಿತಿ ಸದಸ್ಯರಿಗೂ ಇಲ್ಲಿ ಮತವಿದೆ. ಪದವೀಧರರ ಕ್ಷೇತ್ರಗಳು 7. ಪದವಿ ಪಡೆದು ಮೂರು ವರ್ಷವಾದ ಕೃಷಿಕನೂ ಹೆಸರು ನೋಂದಾಯಿಸಿದರೆ ಮತ ಹಾಕಬಹುದು. ಈ ನೋಂದಣಿಗೆ ಬೇರೆ ಅರ್ಜಿ ಕೊಡಬೇಕು. ವಿಧಾನಸಭೆಯ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು.

ಎರಡೂ ಮನೆಗಳು ಒಪ್ಪಿದ ವಿಧೇಯಕ ರಾಜ್ಯಪಾಲರ ಅಂಕಿತ ಪಡೆದು ಕರ್ನಾಟಕ ರಾಜ್ಯಪತ್ರದಲ್ಲಿ ಪ್ರಕಟವಾಗುತ್ತದೆ. ಯಾವ ದಿನದಿಂದ ಜಾರಿ ಎಂಬ ಸಾಲನ್ನು ಮೊದಲು ಓದಬೇಕು. ಈ ತಿದ್ದುಪಡಿಯಲ್ಲಿ 79ಎ, 79ಬಿ, 79ಸಿ ಕಲಮುಗಳನ್ನು 1974ರ ಮಾರ್ಚ್ 1ರಿಂದಲೇ ಬಿಟ್ಟುಹೋದಂತೆ ಭಾವಿಸತಕ್ಕದ್ದೆಂದು ಬರೆಯಲಾಯಿತು. ಅವುಗಳ ಅಡಿಯಲ್ಲಿ ಇತ್ಯರ್ಥವಾಗದೆ ಉಳಿದಿದ್ದ ಪ್ರಕರಣಗಳು ಇದರಿಂದ ಬಿದ್ದುಹೋದವು. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನುಗಳ ಪರಭಾರೆಗೆ ಮಾತ್ರ 1978ರ ಪ್ರತ್ಯೇಕ ಕಾಯ್ದೆ ಅನ್ವಯಿಸುತ್ತದೆ. ಅಂಥ ಜಮೀನಿನ ವ್ಯವಹಾರಕ್ಕೆ ಸರ್ಕಾರದ ಪೂರ್ವಾನುಮತಿ ಬೇಕೇ ಬೇಕು.